ಗುರುವಾರದ ಕೊನೆಯ ಗುಟುಕು

ಫೆಬ್ರುವರಿ 15, ಗುರುವಾರ

ಇವತ್ತು ಕೂಟಕ್ಕೆ ಒಂಬತ್ತು ಜನ ಬಂದಿದ್ದರು. ಇಳಕಲ್ಲಿನ ಬಿಸಿಲು ಫೆಬ್ರುವರಿಯಲ್ಲೇ ತನ್ನ ಗುಣ ತೋರಿಸುತ್ತಿದೆ, ಆದರೂ ಯಾರೂ ತಪ್ಪಿಸಲಿಲ್ಲ.

ನಮ್ಮ ಚರ್ಚಿನ ಸಭೆಯಲ್ಲಿರುವುದೇ ಮೂವತ್ತು ಮನೆ. ಅದರಲ್ಲಿ ಒಂಬತ್ತು ಜನ ಪ್ರತಿ ಗುರುವಾರ ಸಂಜೆ ಐದೂವರೆಗೆ ನನ್ನ ಪಡಸಾಲೆಗೆ ಬಂದು ಚಾಪೆಯ ಮೇಲೆ ಕೂರುತ್ತಾರೆ. ನಾನು ಅಪ್ಪನ ಬೆತ್ತದ ಕುರ್ಚಿಯಲ್ಲಿ ಕೂರುತ್ತೇನೆ. ಅಪ್ಪ ಉಪದೇಶಿಯಾಗಿದ್ದವರು, ಹುನಗುಂದದ ಸುತ್ತಿನ ಹಳ್ಳಿಗಳಿಗೆಲ್ಲ ಸೈಕಲ್ ತುಳಿದು ಸತ್ಯವೇದ ಕಲಿಸಿದವರು. ಅವರ ಕ್ರಮವೇ ನನ್ನ ಕ್ರಮ. ಒಂದು ವಚನ ಓದುವುದು, ಅರ್ಥ ಬಿಡಿಸುವುದು, ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧ ತೋರಿಸುವುದು, ಮುಂದಕ್ಕೆ ಹೋಗುವುದು. ಕೊನೆಯಲ್ಲಿ "ಪ್ರಶ್ನೆ ಇದ್ದರ ಕೇಳ್ರಿ" ಎನ್ನುತ್ತೇನೆ. ಇಪ್ಪತ್ತಮೂರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಅಷ್ಟು ಸ್ಪಷ್ಟವಾಗಿ ಹೇಳುತ್ತೇನೆ ಎಂದು ಅರ್ಥ.

ಆಮೇಲೆ ಚಹಾ. ಮಗ್ಗದ ಓಣಿಯ ಶಾರವ್ವ ಇವತ್ತೂ ಅರ್ಧ ಗಂಟೆ ಮೊದಲೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅಕ್ಕೋರ, ಚಾ ನಾ ಮಾಡ್ತೇನ್ರಿ, ನೀವು ಕುಂದರ್ರಿ" ಎಂದಳು. ನನ್ನ ಮನೆಯಲ್ಲಿ ಚಹಾ ಮಾಡುವವಳು ನಾನು, ಹೊರಗೆ ನಡಿ ಎಂದೆ. ಹೊರಗೆ ಹೋದವಳು ಸುಮ್ಮನೆ ಕೂರಬಾರದೇ, ಪೊರಕೆ ಹಿಡಿದು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಇನ್ನೊಂದು ವಿಷಯ. ಈಚೆಗೆ ಇವರೆಲ್ಲರಿಗೂ ದೊಡ್ಡಸ್ತಿಕೆ ಬಂದಿದೆ. ಲೋಟದ ತಳದಲ್ಲಿ ಒಂದು ಗುಟುಕು ಚಹಾ ಉಳಿಸಿಯೇ ಏಳುತ್ತಾರೆ. ಯಾವ ಸಾಹುಕಾರರ ಮನೆಯಲ್ಲಿ ಕಲಿತು ಬಂದರೋ.

ಎಲ್ಲರೂ ಹೋದ ಮೇಲೆ ಗೀತಾಂಜಲಿ ಉಳಿದಳು. ಕ್ರಿಸ್ಮಸ್ಸಿಗೆ ಮೊದಲು ಬಂದ ಹೊಸ ಪಾಸ್ಟರ್ ಅಮರೇಶರ ಹೆಂಡತಿ ಅವಳು. ಬಾದಾಮಿ ಕಡೆಯವಳು, ಇಪ್ಪತ್ತೇಳರ ಹುಡುಗಿ, ನಗುವುದು ಸ್ವಲ್ಪ ಹೆಚ್ಚು. ಎಲ್ಲೋ ಮೂರು ದಿನದ ತರಬೇತಿಗೆ ಹೋಗಿ ಬಂದಿದ್ದಾಳೆ.

"ಅಕ್ಕೋರ, ಮುಂದಿನ ವಾರದಿಂದ ಎಲ್ಲಾರೂ ದುಂಡಗ ಕುಂದ್ರೂಣ್ರಿ. ಒಬ್ಬೊಬ್ಬರು ಒಂದೊಂದು ವಚನ ಓದೂದು."

"ಮತ್ತ ಅರ್ಥ ಯಾರ್ ಹೇಳೂದು?"

"ಯಾರೂ ಹೇಳೂದಿಲ್ರಿ. ಎಲ್ಲಾರೂ ಕೂಡಿ ಹುಡಕೂದು."

ಆಗಲಿ ಎಂದೆ. ಪಾಸ್ಟರ ಮಾತು ಎಂದರೆ ಸಭೆಯ ಮಾತು. ಆದರೆ ಹುಡುಕುವುದಕ್ಕೆ ಅರ್ಥವೇನು ಕಳೆದುಹೋದ ಕೀಲಿಯೇ? ಇವರು ನನ್ನ ಗುರುವಾರವನ್ನು ಕಿತ್ತುಕೊಳ್ಳುತ್ತಿದ್ದಾರೆ. ಗುರುವಾರ ಹೋದರೆ ಈ ಮನೆಯ ಹೊಸ್ತಿಲು ದಾಟುವವರು ಯಾರಿದ್ದಾರೆ? ಒಂಟಿ ಎಂದು ಬರೆಯುತ್ತಿಲ್ಲ, ಆ ಮಾತು ನನಗೆ ಸೇರುವುದಿಲ್ಲ. ಮದುವೆ ಬೇಡವೆಂದವಳು ನಾನೇ. ಬೇವೂರಿನಲ್ಲಿ, ಹುನಗುಂದದಲ್ಲಿ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಲೆಕ್ಕ ತಪ್ಪದಿರಲಿ ಎಂದು ಬರೆದೆ, ಅಷ್ಟೆ.


ಫೆಬ್ರುವರಿ 18, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರು ಹೊಸ ಅನುವಾದದ ಪುಸ್ತಕ ಹಂಚಿದರು. ಆಡುವ ಭಾಷೆಯಲ್ಲಿದೆಯಂತೆ. ಇರಲಿ. ಆದರೆ ಅದೇನು ಅಕ್ಷರವೋ, ಇರುವೆ ಸಾಲು ಹರಿದಾಡಿದ ಹಾಗಿದೆ. ಕಾಗದ ಉಳಿಸುವುದಕ್ಕೆ ಮಾಡಿದ್ದಾರೆ. ಕರೆಂಟಿನವರೂ ಈಗೀಗ ಮಂದ ಬೆಳಕನ್ನೇ ಕೊಡುತ್ತಾರೆ.

ನನ್ನದು ಮಣ್ಣಿನ ಚಪ್ಪಟೆ ಸೂರಿನ ಹಳೆಯ ಮಾಳಿಗೆ ಮನೆ. ಪಡಸಾಲೆಯ ನೆತ್ತಿಗೆ ಒಂದು ಬೆಳಕಿಂಡಿ ಇದೆ. ಹನ್ನೊಂದರಿಂದ ಹನ್ನೆರಡರವರೆಗೆ ಬಿಸಿಲು ನೇರ ಕುರ್ಚಿಯ ಮೇಲೆ ಬೀಳುತ್ತದೆ. ಆ ಒಂದು ಗಂಟೆಯಲ್ಲಿ ಅಪ್ಪನ ದಪ್ಪ ಅಕ್ಷರದ ಹಳೇ ಸತ್ಯವೇದ ತೆಗೆದು, ಗುರುವಾರದ ಭಾಗವನ್ನು ನೋಡಿಕೊಳ್ಳುತ್ತೇನೆ. ಮೊದಲ ಸಾಲು ಸಿಕ್ಕರೆ ಸಾಕು, ಉಳಿದದ್ದು ತಾನೇ ಬರುತ್ತದೆ. ಎಲ್ಲ ಬಾಯಿಪಾಠ.

ಬಾಯಿಪಾಠವಾದದ್ದಕ್ಕೂ ಕಾರಣವಿದೆ. ನನಗೆ ಹದಿಮೂರು ವರ್ಷವಿದ್ದಾಗ ಅಪ್ಪ ಯಾವುದೋ ಕ್ಯಾಂಪಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದರು. ಕೀವಾಗಿ ಎರಡೂ ಕಣ್ಣು ಹೋದವು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಓದಬೇಕು, ಅವರು ಕೇಳಿ ತಿರುಗಿ ಹೇಳಬೇಕು. ಒಂದೊಂದು ವಚನವಾಗಿ ಅಲ್ಲ, ಪೂರ್ತಿ ಪ್ರಸಂಗ. ನಡುವೆ ನಿಲ್ಲಿಸಿದರೆ "ಉಸಿರು ಮುರೀಬ್ಯಾಡ, ಶೀಲಾ" ಎನ್ನುತ್ತಿದ್ದರು. ಅವರಿಗೆ ಓದುತ್ತ ಓದುತ್ತ ನನಗೂ ಬಂತು.

ನನ್ನ ಕಣ್ಣಿಗೇನೂ ಆಗಿಲ್ಲ.


ಫೆಬ್ರುವರಿ 22, ಗುರುವಾರ

ದುಂಡಗೆ ಕೂತರು. ನನ್ನ ಕುರ್ಚಿಯನ್ನೂ ದುಂಡಿನ ಒಂದು ತುದಿಗೆ ಎಳೆದರು. ದುಂಡಿಗೆ ತುದಿ ಇರುವುದಿಲ್ಲ ಎನ್ನುತ್ತಾಳೆ ಗೀತಾಂಜಲಿ. ಆದರೆ ನಾನು ಕೂತದ್ದು ತುದಿಯಲ್ಲೇ.

ಅವಳ ಕ್ರಮದಲ್ಲಿ ಮೂರು ಪ್ರಶ್ನೆ. ಒಂದು, ಏನು ನಡೆಯಿತು? ಎರಡು, ಈ ಕಥೆಯಲ್ಲಿ ನೀವು ಯಾರ ಜಾಗದಲ್ಲಿದ್ದೀರಿ? ಮೂರು, ಈ ವಾರ ಏನು ಮಾಡುತ್ತೀರಿ, ಯಾರಿಗೆ ಈ ಕಥೆ ಹೇಳುತ್ತೀರಿ? ಮುಂದಿನ ವಾರ ಬಂದಾಗ ಮೂರನೆಯದರ ವರದಿ ಕೊಡಬೇಕು. ಓದು ಬಾರದವರು ಎರಡು ಸಲ ಕೇಳಿಸಿಕೊಂಡು ತಮ್ಮ ಮಾತಿನಲ್ಲಿ ಹೇಳಬೇಕು, ತಪ್ಪಿದ್ದರೆ ಉಳಿದವರು ಪುಸ್ತಕ ನೋಡಿ ತಿದ್ದಬೇಕು.

ಬಿತ್ತುವವನ ಸಾಮ್ಯದ ಕಥೆ ತೆಗೆದರು, ಬೀಜ ದಾರಿಯಲ್ಲೂ ಕಲ್ಲಿನಲ್ಲೂ ಬಿದ್ದದ್ದು. ನಾನು ಅದರ ಮೇಲೆ ನಾಲ್ಕು ಗುರುವಾರ ಮಾತಾಡಬಲ್ಲೆ. ಇಲ್ಲಿ ಮಾತಾಡಿದವನು ಶಾರವ್ವನ ಗಂಡ ಯಮನೂರ. ಟಂಟಂ ಆಟೋ ಓಡಿಸುವವನು. "ಅಲ್ರೀ, ರಸ್ತಾದ ಮ್ಯಾಗ ಬೀಜ ಚೆಲ್ಲಾವ ಎಂಥಾ ರೈತನ್ರಿ? ನಮ್ಮ ಮಾವ ಇದ್ರ ಬೈದು ಮನಿಗೆ ಕಳಸ್ತಿದ್ದ" ಎಂದ. ಎಲ್ಲರೂ ನಕ್ಕರು. ಗೀತಾಂಜಲಿ ತಿದ್ದಬೇಕಿತ್ತು. "ಚಲೋ ಪ್ರಶ್ನೆರಿ, ಯಾಕ ಹಂಗ ಚೆಲ್ಲಿದ?" ಎಂದು ಎಲ್ಲರ ಮುಂದಿಟ್ಟಳು. ಅರ್ಧ ಗಂಟೆ ಹರಟೆ. ಉತ್ತರ ನನ್ನ ನಾಲಿಗೆಯ ಮೇಲಿತ್ತು, ಯಾರೂ ಕೇಳಲಿಲ್ಲ.

ಓದುವ ಸರದಿ ನನ್ನವರೆಗೆ ಬರುವಷ್ಟರಲ್ಲಿ ಭಾಗ ಮುಗಿದಿತ್ತು. ಒಳ್ಳೆಯದೇ ಆಯಿತು.


ಮಾರ್ಚ್ 7, ಗುರುವಾರ

ಬರೆಯುತ್ತೇನೆ, ಬರೆದರೆ ಭಾರ ಕಡಿಮೆಯಾಗಬಹುದು.

ಇವತ್ತಿನ ಭಾಗ, ನಾಲ್ಕು ಜನ ಒಬ್ಬ ರೋಗಿಯನ್ನು ಹೊತ್ತು ತಂದು, ಒಳಗೆ ಜಾಗವಿಲ್ಲದ್ದಕ್ಕೆ ಮಾಳಿಗೆ ಕಿತ್ತು ಇಳಿಸಿದ ಪ್ರಸಂಗ. ಸರದಿ ಬಲಗಡೆಯಿಂದ ಬಂತು. ನನ್ನ ಪಾಲಿಗೆ ಮೂರನೆಯ ವಚನ. ಕೈಯಲ್ಲಿ ಹೊಸ ಪುಸ್ತಕ ಇತ್ತು. ಪುಟದಲ್ಲಿ ಬರೀ ಬೂದಿ ಬಣ್ಣ. ಧೈರ್ಯ ಮಾಡಿ ಶುರು ಮಾಡಿದೆ. ಅಪ್ಪನ ಪುಸ್ತಕದ ಮಾತು ಸರಾಗವಾಗಿ ಬಂತು. ಮೂರನೆಯದು ಮುಗಿಯಿತು, ನಾನು ನಿಲ್ಲಲಿಲ್ಲ. ಎಲ್ಲಿ ಮುಗಿಯಿತೆಂದು ನನಗೆ ಗೊತ್ತಾಗಲಿಲ್ಲ. ನನಗೆ ವಚನದ ಅಂಕಿ ಗೊತ್ತಿಲ್ಲ, ಉಸಿರು ಗೊತ್ತು. ಯಮನೂರನ ವಚನ ಹೇಳಿದೆ, ಅವನ ಆಚೆಯವರದ್ದೂ ಹೇಳಿದೆ. ಒಳ್ಳೆಯ ಧ್ವನಿಯಲ್ಲಿ, ಪುಸ್ತಕದ ಮೇಲೆ ಬೆರಳಾಡಿಸುತ್ತ ಹೇಳಿದೆ.

ಅವರೆಲ್ಲರ ಕೈಯಲ್ಲಿ ಹೊಸ ಅನುವಾದ. ನನ್ನ ಬಾಯಲ್ಲಿ ನೂರು ವರ್ಷದ ಹಿಂದಿನ ಮಾತು. ಕೈಯಲ್ಲಿದ್ದದ್ದನ್ನು ನಾನು ಓದುತ್ತಿಲ್ಲ ಎಂದು ಅಕ್ಷರ ಬಲ್ಲವರಿಗೆಲ್ಲ ತಿಳಿಯಿತು.

ಗೀತಾಂಜಲಿ ಮೆಲ್ಲಗೆ, "ಅಕ್ಕೋರ, ಪುಟ ಮುಂದಿನದೈತ್ರಿ" ಎಂದಳು. ಪುಟವೂ ಅದಲ್ಲವಂತೆ.

ತಲೆನೋವು ಎಂದೆ. ಪ್ರಾರ್ಥನೆ ಮುಗಿಸಿ ಎಲ್ಲರೂ ಎದ್ದರು. ಚಹಾ ಮಾಡಲಿಲ್ಲ.


ಮಾರ್ಚ್ 9, ಶನಿವಾರ

ಬಾಗಿಲು ತಟ್ಟಿದರು. ಶಾರವ್ವನ ಬಳೆಯ ಸದ್ದು. ತೆಗೆಯಲಿಲ್ಲ.


ಮಾರ್ಚ್ 14, ಗುರುವಾರ

ಮೈ ಸರಿ ಇಲ್ಲ ಎಂದು ಪಾಸ್ಟರಿಗೆ ಫೋನಿನಲ್ಲಿ ಹೇಳಿದ್ದೆ. ಕೂಟ ಶಾರವ್ವನ ಮನೆಯಲ್ಲಿ ನಡೆಯಿತಂತೆ. ಐದೂವರೆಗೆ ಪಡಸಾಲೆಯಲ್ಲಿ ಕೂತಿದ್ದೆ. ಮಗ್ಗದ ಓಣಿ ಇಲ್ಲಿಂದ ದೂರವೇನಲ್ಲ. ಕೇಳಿಸೀತೆಂದು ಕಿಟಕಿ ತೆಗೆದೆ. ಹಾಡು ಕೇಳಿಸಲಿಲ್ಲ, ಮಗ್ಗದ ಸದ್ದಷ್ಟೇ.

ಚಾಪೆ ಹಾಸಿರಲಿಲ್ಲ. ಹಾಸಬೇಕು ಎಂದು ಎದ್ದು, ಯಾಕೆ ಎಂದು ಕೂತೆ.


ಮಾರ್ಚ್ 21

ಗುರುವಾರ. ಏನಿಲ್ಲ.


ಮಾರ್ಚ್ 31, ಭಾನುವಾರ

ಪುನರುತ್ಥಾನದ ಹಬ್ಬ. ಗೋಡೆ ಹಿಡಿದುಕೊಂಡು ಮುಂಜಾನೆಯ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹಾಡಿನ ಪುಸ್ತಕ ಬೇಕೇ ಎಂದು ಯಾರೋ ಕೊಡಲು ಬಂದರು. ಬೇಡ, ಬರುತ್ತದೆ ಎಂದೆ. ಬರುತ್ತದೆ ನಿಜ. ಆದರೆ ಎಷ್ಟು ದಿನ ಬರೀ ಬಂದದ್ದನ್ನೇ ಹಾಡಬೇಕು? ಹೊಸದೊಂದು ಹಾಡು ಹಾಡಿದರು. ನಾನು ಬಾಯಿ ಮುಚ್ಚಿ ನಿಂತಿದ್ದೆ. ಆಗ ಅಳು ಬಂತು. ಹಬ್ಬದ ದಿನ ಅತ್ತವಳು ನಾನೊಬ್ಬಳೇ ಇರಬೇಕು.

ಅಪ್ಪನಿಗೆ ನಾನಿದ್ದೆ. ನನಗೆ ಓದಿ ಹೇಳುವವರು ಯಾರು?


ಏಪ್ರಿಲ್ 3, ಬುಧವಾರ

ಕುಪ್ಪಸದ ಗುಂಡಿ ಕಿತ್ತಿತ್ತು. ಪಕ್ಕದ ಮನೆಯ ನರ್ಗೀಸಳನ್ನು ಗೋಡೆಯ ಮೇಲಿಂದ ಕೂಗಿದೆ. "ಈ ಸೂಜಿ ಕಣ್ಣು ಕೆಟ್ಟೈತಿ ನೋಡವ್ವ, ದಾರ ಹೋಗವಲ್ದು" ಎಂದೆ. ಅವಳು ಬಂದು ದಾರ ಪೋಣಿಸಿದಳು. ಆಮೇಲೆ ನನ್ನ ಹೊಲಿಗೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಅದರಲ್ಲಿದ್ದ ಆರು ಸೂಜಿಗೂ ಬೇರೆ ಬೇರೆ ಬಣ್ಣದ ದಾರ ಪೋಣಿಸಿ, ಒಂದು ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚಿಟ್ಟಳು. ಸೂಜಿ ಕೆಟ್ಟಿದೆಯೇ ಎಂದು ಕೇಳಲಿಲ್ಲ.

"ಮುಗದ ಮ್ಯಾಲ ಒಂದ್ ಧ್ವನಿ ಕೊಡ್ರಿ" ಎಂದು ಹೋದಳು.

ಗುಂಡಿ ಹಚ್ಚಿದೆ. ಸರಿಯಾದ ಕಡೆಗೇ ಹಚ್ಚಿದ್ದೇನೆ ಎಂದುಕೊಂಡಿದ್ದೇನೆ.


ಏಪ್ರಿಲ್ 8, ಸೋಮವಾರ

ಇವತ್ತು ಬಾಗಿಲು ತೆಗೆದೆ. ಹಾಲಿನವನು ಎಂದುಕೊಂಡು ತೆಗೆದದ್ದು. ಶಾರವ್ವ.

"ಒಳಗ ಬಾ ಅಂತೀರೋ, ಇಲ್ಲೇ ನಿಂತ್ ಹೇಳ್ಲೋ?"

"ಏನ್ ಹೇಳಾಕ ಬಂದೀ?"

"ಕತಿ ಹೇಳಾಕ್ರಿ. ಮೂರನೇ ಪ್ರಶ್ನೆಗೆ ಈ ವಾರ ನಿಮ್ಮ ಹೆಸರ ಹೇಳೇನಿ. ನೀವು ಕೇಳಲಿಲ್ಲಂದ್ರ ಗುರುವಾರ ಎಲ್ಲಾರ ಮುಂದ ನನ್ನ ಮರ್ಯಾದಿ ಹೋಗತೈತಿ."

ಸಹಿ ಮಾಡಲು ಬಾರದ ಹೆಂಗಸು ನನಗೆ ಸತ್ಯವೇದ ಹೇಳಲು ಬಂದಿದ್ದಾಳೆ. ನಗು ಬಂತು, ಸಿಟ್ಟೂ ಬಂತು. ನಿಂತು ಹೇಳಬೇಡ, ಒಳಗೆ ಬಾ ಎಂದೆ.

ಯಾವ ಕಥೆ ಎಂದರೆ, ಆ ದಿನದ್ದೇ. "ಅವತ್ತ ಅರ್ಧಕ್ಕ ನಿಂತಿತ್ತಲ್ರಿ, ಅದು ನನ್ನ ಮನಸಿನಾಗ ಹಂಗ ಉಳದೈತಿ." ಚಾಪೆಯ ಮೇಲೆ ಕೂತು ಶುರು ಮಾಡಿದಳು. ನಾಲ್ಕು ಮಂದಿ ಗೆಳೆಯರು, ಒಂದು ಹೊರಸು, ಹೊರಸಿನ ಮೇಲೆ ಕೈಕಾಲು ಬಿದ್ದವನು. ನಾಲ್ಕು ಜನ ಎಂಬಲ್ಲಿ ಐದು ಎಂದಳು, ತಿದ್ದಿದೆ. ಬಾಗಿಲ ತುಂಬ ಜನ, ಮಾಳಿಗೆ ಹತ್ತಿದರು, ಕಿತ್ತರು, ಹಗ್ಗ ಕಟ್ಟಿ ಇಳಿಸಿದರು. ಎದ್ದ, ಹೊರಸು ಹೊತ್ತ, ಹೋದ. ಮುಗಿಯಿತು ಎಂದುಕೊಂಡೆ.

"ಅಕ್ಕೋರ, ಒಂದ್ ಕೇಳ್ಲ್ಯಾ?"

ಇಪ್ಪತ್ತಮೂರು ವರ್ಷದಲ್ಲಿ ನನ್ನ ಪಡಸಾಲೆಯಲ್ಲಿ ನನ್ನನ್ನೇ ಕೇಳಿದ ಮೊದಲ ಪ್ರಶ್ನೆ ಇದು. ಬರೆದಿಡುತ್ತೇನೆ.

"ಅವ ಎದ್ದು ಮನಿಗೆ ಹ್ವಾದ, ಖರೆ. ಆ ಮಾಳಗಿ ಯಾರ್ ಮುಚ್ಚಿದ್ರು? ಮಳಿಗಾಲ ಬಂದ್ರ ಆ ಮನಿ ಹೆಣ್ಮಗಳ ಗತಿ ಏನ್ರಿ? ನಮ್ಮ ಮಾಳಗಿಗೆ ಮಣ್ಣ ಹಾಕಿ ಹಾಕಿ ನನ್ನ ನಡಾ ಬಿದ್ದೈತಿ, ನನಗ ಗೊತ್ತು."

ಉತ್ತರ ಹೇಳಲು ಬಾಯಿ ತೆರೆದೆ. ಅಪ್ಪನ ವಿವರಣೆಯಲ್ಲಿ ಪಾಪಕ್ಷಮೆ ಇದೆ, ಶಾಸ್ತ್ರಿಗಳ ಗೊಣಗಾಟ ಇದೆ, ನಂಬಿಕೆಯ ಮಾತಿದೆ. ಮಾಳಿಗೆ ಮುಚ್ಚಿದವರು ಇಲ್ಲ.

"ಗೊತ್ತಿಲ್ಲ" ಎಂದೆ. ಆ ಮಾತು ಈ ಕುರ್ಚಿಯಿಂದ ಮೊದಲ ಸಲ ಹೊರಟಿತು. ಶಾರವ್ವ ಸಮಾಧಾನದಿಂದ ತಲೆಯಾಡಿಸಿ, "ನನಗೂ ಗೊತ್ತಿಲ್ರಿ" ಎಂದು ಎದ್ದಳು. ಗೊತ್ತಿಲ್ಲದ್ದು ಇಬ್ಬರಿಗೂ ಸೇರಿ ಒಂದು ಆಸ್ತಿ ಎಂಬಂತೆ ಹೋದಳು.


ಏಪ್ರಿಲ್ 10, ಬುಧವಾರ

ಆ ಮನೆಯ ಹೆಂಗಸಿನ ಯೋಚನೆ ಹೋಗುತ್ತಿಲ್ಲ. ಅಷ್ಟು ಜನ ತನ್ನ ಮನೆಗೆ ಬಂದರು ಎಂದು ಅವಳಿಗೆ ಹೆಮ್ಮೆಯಾಗಿರಬೇಕು. ಆಮೇಲೆ ಎಲ್ಲರೂ ಹೊರಟುಹೋದರು. ತಲೆಯ ಮೇಲೆ ತೂತು, ನೆಲದ ತುಂಬ ಮಣ್ಣು. ಸಂಜೆ ಅವಳೊಬ್ಬಳೇ ಮೇಲೆ ನೋಡುತ್ತ ಕೂತಿರಬೇಕು.

ಯಾರ ಜಾಗದಲ್ಲಿದ್ದೀರಿ ಎಂಬ ಎರಡನೆಯ ಪ್ರಶ್ನೆಯನ್ನು ನಾನು ನಂಬುವುದಿಲ್ಲ. ಸುಮ್ಮನೆ ಬರೆದೆ.


ಏಪ್ರಿಲ್ 15, ಸೋಮವಾರ

ಶಾರವ್ವ ಬಂದಳು. ಈ ಸಲದ್ದು ಬಿರುಗಾಳಿಯ ಕಥೆ. ದೋಣಿಯನ್ನು ಅವಳು ನೋಡಿಲ್ಲ, ಆಲಮಟ್ಟಿಯ ಹಿನ್ನೀರಿನಲ್ಲಿ ದೂರದಿಂದ ಕಂಡದ್ದು ಅಷ್ಟೆ. ಎರಡು ಕಡೆ ತಪ್ಪಿದಳು, ಒಂದನ್ನೇ ತಿದ್ದಿದೆ. ಇನ್ನೊಂದು ತಪ್ಪು ಚೆನ್ನಾಗಿತ್ತು.

ಮುಂದಿನ ಸೋಮವಾರವೂ ಬರುತ್ತೀಯಾ ಎಂದು ಕೇಳಬೇಕೆಂದುಕೊಂಡೆ. "ಬಾಗಲಾ ಎಳಕೊಂಡು ಹೋಗು" ಎಂದೆ.


ಏಪ್ರಿಲ್ 29, ಸೋಮವಾರ

ನಾಲ್ಕು ಗಂಟೆಯಿಂದ ಕಾಯುತ್ತಿದ್ದೆ. ಕಾಯುತ್ತಿದ್ದೆ ಎಂದರೆ, ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡಿದ್ದೆ. ಗಾಳಿಗೆ.

ಅವಳು ಬಂದಾಗ ನಾನು ಎದ್ದು ಎದುರು ಹೋಗಿ, ನಡುವೆ ಇದ್ದ ಬಿಂದಿಗೆಗೆ ಎಡವಿ ಬಿದ್ದೆ. ಮೊಣಕೈ ತರಚಿತು. ನೀರೆಲ್ಲ ಪಡಸಾಲೆಗೆ ಹರಿಯಿತು. ಶಾರವ್ವ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ನೀರು ಬಳಿದಳು. ನಾನು ಬಿಂದಿಗೆಯನ್ನು ಬೈದೆ. ಅಲ್ಲಿಟ್ಟವರು ಯಾರು ಎಂದೆ. ಇಟ್ಟವಳು ನಾನೇ.

ಆಮೇಲೆ ಬೈಗುಳ ಮುಗಿಯಿತು. ಬೇರೆ ಮಾತು ಉಳಿದಿರಲಿಲ್ಲ.

"ಶಾರವ್ವ, ನನಗ ಕಾಣವಲ್ದು."

"ಗೊತ್ತೈತ್ರಿ."

"ಯಾವಾಗಿಂದ?"

"ಹ್ವಾದ ವರ್ಷದ ಮಳಿಗಾಲದಿಂದ್ರಿ. ಎಲ್ಲಾರಿಗೂ ಗೊತ್ತೈತಿ."

"ಮತ್ತ ಯಾಕ ಹೇಳಲಿಲ್ಲ?"

ಅವಳು ಬಟ್ಟೆ ಹಿಂಡಿದಳು. "ಹ್ಯಾಂಗ ಹೇಳೂದ್ರಿ? ಪ್ರಶ್ನೆ ಕೇಳ್ರಿ ಅಂತಿದ್ರಿ, ಖರೆ. ಆದ್ರ ಅಷ್ಟ ಹೊತ್ತಿಗೆ ನೀವು ಪುಸ್ತಕ ಮುಚ್ಚಿರತಿದ್ರಿ."

ಅಪ್ಪನ ಆಪರೇಷನ್ನಿನ ಕಥೆಯನ್ನು ಹೇಳಿದೆ. ಐವತ್ತಮೂರು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಕಟ್ಟು ಬಿಚ್ಚಿದ ದಿನ ಅಪ್ಪ ನನ್ನ ಮುಖ ಮುಟ್ಟಿ ಮುಟ್ಟಿ ನೋಡಿದ್ದನ್ನು ಹೇಳಿದೆ. ಹೆದರಿಕೆ ಆಗುತ್ತದೆ ಎಂದೆ. ಇವಳು ತಿದ್ದಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು. "ನಾವೆಲ್ಲಾ ಬಂದ್ರ ಬರ್ತೀರೇನ್ರಿ?"


ಮೇ 3, ಶುಕ್ರವಾರ

ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಹೋಗಿ ಬಂದೆವು. ಎರಡೂ ಕಣ್ಣಿಗೆ ಪೊರೆ. ಈ ಶುಕ್ರವಾರ ತೋರಿಸುವುದು, ಮುಂದಿನ ಶುಕ್ರವಾರ ಬಲಗಣ್ಣಿನ ಆಪರೇಷನ್. "ಇಷ್ಟು ಬಲಿಯುವವರೆಗೆ ಏನ್ ಮಾಡ್ತಿದ್ರಿ?" ಎಂದು ಡಾಕ್ಟರು ಕೇಳಿದರು. ಪಾಠ ಮಾಡುತ್ತಿದ್ದೆ ಎಂದೆ.

ಬಂದವರು ಶಾರವ್ವ, ಗೀತಾಂಜಲಿ, ನರ್ಗೀಸ, ಯಮನೂರ. ಟಂಟಂ ಓಡಿಸುವವನಿಗೆ ಬಸ್ಸಿನಲ್ಲಿ ಸುಮ್ಮನೆ ಕೂರುವುದು ಆಗದ ಕೆಲಸ. ದಾರಿಯುದ್ದಕ್ಕೂ ಡ್ರೈವರನ ತಪ್ಪು ಹುಡುಕಿದ. ಹುನಗುಂದ ದಾಟುವಾಗ ಎಣಿಸಿದೆ, ನಾಲ್ಕು ಜನ. "ಯಮನೂರ, ದವಾಖಾನಿ ಮಾಳಗಿ ಮಾತ್ರ ಕೀಳಬ್ಯಾಡಪ" ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಇಬ್ಬರು ಹೆಂಗಸರು ನಕ್ಕರು. ನರ್ಗೀಸಳಿಗೆ ಕಥೆ ಗೊತ್ತಿರಲಿಲ್ಲ. ಶಾರವ್ವ ಶುರು ಮಾಡಿದಳು. ಬಾಗಲಕೋಟೆ ಬರುವವರೆಗೆ ಹೇಳಿದಳು. ಈ ಸಲ ನಾಲ್ಕೇ ಜನ ಎಂದಳು.


ಮೇ 18, ಶನಿವಾರ

ಕಪ್ಪು ಕನ್ನಡಕ ಹಾಕಿಕೊಂಡು ದಿನಕ್ಕೆ ಅರ್ಧ ಪುಟ ಬರೆಯಬಹುದು ಎಂದಿದ್ದಾರೆ.

ಬಲಗಣ್ಣಿಗೆ ಎಲ್ಲ ಕಾಣುತ್ತದೆ. ಬೇಡದ್ದೂ ಕಾಣುತ್ತದೆ. ಈ ದಿನಚರಿಯ ಮಾರ್ಚ್ ಪುಟಗಳಲ್ಲಿ ಸಾಲಿನ ಮೇಲೆ ಸಾಲು ಹತ್ತಿದೆ, ಬರೆದವಳಿಗೇ ಓದಲು ಬರುವುದಿಲ್ಲ. ಗುಂಡಿ ತಪ್ಪು ಕಡೆಗಿದೆ. ಪಡಸಾಲೆ ಮಾತ್ರ ಸ್ವಚ್ಛ, ಅಡುಗೆಮನೆಯ ಮೂಲೆಯಲ್ಲಿ ಬೊಗಸೆ ಬೊಗಸೆ ಕಸ. ಶಾರವ್ವ ಗುರುವಾರ ಬೇಗ ಬಂದು ಗುಡಿಸುತ್ತಿದ್ದದ್ದು ಗುಡಿಸಿದ ಜಾಗವನ್ನಲ್ಲ. ಅಡುಗೆಮನೆಗೆ ನಾನು ಬಿಡಲಿಲ್ಲ.

ಬೆಳಿಗ್ಗೆ ಚಹಾ ಮಾಡಲು ಸಕ್ಕರೆ ಡಬ್ಬಿ ತೆಗೆದೆ. ಒಳಗೆ ಇರುವೆ. ಒಂದೆರಡಲ್ಲ. ಸಕ್ಕರೆ ಯಾವುದು ಇರುವೆ ಯಾವುದು ಎಂದು ತಿಳಿಯದಷ್ಟು, ಸತ್ತವು, ಬದುಕಿದ್ದವು. ಮುಚ್ಚಳದ ಅಂಚು ಬಿರಿದು ಎಷ್ಟು ಕಾಲವಾಗಿತ್ತೋ. ಸೋಸುವ ಜರಡಿಗೆ ನಡುವೆ ಬೆರಳು ಹೋಗುವಷ್ಟು ತೂತು.

ಒಂದು ಲೋಟ ಮಾಡಿದೆ, ನಾನು ಯಾವಾಗಲೂ ಮಾಡುವ ಹಾಗೆ. ಸ್ವಲ್ಪ ಹೊತ್ತು ಇಟ್ಟೆ. ಇರುವೆಗಳೆಲ್ಲ ಚಹಾಪುಡಿಯ ಜೊತೆ ತಳಕ್ಕೆ ಇಳಿದವು. ಮೇಲಿನದನ್ನು ಕುಡಿದು ತಳದಲ್ಲಿ ಒಂದು ಗುಟುಕು ಬಿಟ್ಟರೆ, ಹೇಗೋ ಆಗುತ್ತದೆ.

ಅಷ್ಟು ದಿನ ಒಬ್ಬರೂ ಲೋಟ ಬೇಡ ಎನ್ನಲಿಲ್ಲ. ನಾನು ಅವರನ್ನು ಸಾಹುಕಾರರು ಎಂದು ಬರೆದಿದ್ದೇನೆ, ಇದೇ ಪುಸ್ತಕದಲ್ಲಿ. ಡಾಕ್ಟರು ಅಳಬಾರದು ಎಂದಿದ್ದಾರೆ, ಕಣ್ಣಿಗೆ ಒಳ್ಳೆಯದಲ್ಲವಂತೆ. ಡಾಕ್ಟರಿಗೆ ಏನು ಗೊತ್ತು.


ಮೇ 23, ಗುರುವಾರ

ಕೂಟ ಮತ್ತೆ ನನ್ನ ಮನೆಯಲ್ಲಿ. ಚಾಪೆ ನಾನೇ ದುಂಡಗೆ ಹಾಸಿದೆ. ಕುರ್ಚಿಯನ್ನು ಗೋಡೆಗೆ ಸರಿಸಿದೆ. ಕೆಳಗೆ ಕೂತರೆ ಮೊಣಕಾಲು ಕೇಳುವುದಿಲ್ಲ, ಆದ್ದರಿಂದ ಸ್ಟೂಲು ತಂದುಕೊಂಡೆ.

ಓದುವ ಸರದಿ ಬಂತು. ಹೊಸ ಪುಸ್ತಕ. ನನ್ನ ಪಾಲಿನ ಒಂದೇ ವಚನ ಓದಿದೆ, ಅಂಕಿ ನೋಡಿ ನಿಲ್ಲಿಸಿದೆ. ಅಲ್ಲಿ ಉಸಿರು ಮುರಿಯಿತು. ಮುಂದಿನದನ್ನು ಯಮನೂರ ಎತ್ತಿಕೊಂಡ, ತಡವರಿಸುತ್ತ ಓದಿದ. ತಿದ್ದಲು ಬಾಯಿಗೆ ಬಂದದ್ದನ್ನು ನುಂಗಿದೆ. ಪೂರ್ತಿ ಅಲ್ಲ, ಒಂದು ಸಲ ಹೇಳಿಕೊಟ್ಟೆ.

ಏನಾದರೂ ಕೇಳುವುದಿದೆಯೇ ಎಂದಳು ಗೀತಾಂಜಲಿ.

"ನಂದೊಂದ್ ಐತಿ" ಎಂದೆ. "ಇರುವಿ ಚಾ ಎಷ್ಟ್ ದಿನಾ ಕುಡದ್ರಿ?"

ಯಮನೂರ ಬೆಳಕಿಂಡಿ ನೋಡಿದ. ಗೀತಾಂಜಲಿ ಪುಸ್ತಕ ನೋಡಿದಳು. ಶಾರವ್ವನೇ ಹೇಳಿದಳು. "ಇರುವಿ ತಿಂದ್ರ ಕಣ್ಣ ಚುರುಕ ಆಗ್ತಾವಂತ ನಮ್ಮವ್ವ ಹೇಳ್ತಿದ್ಳರಿ. ನಮ್ಮೆಲ್ಲಾರ ಕಣ್ಣ ಈಗ ಭಾಳ ಚುರುಕ ಅದಾವು."

ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನಾನೂ.

ಮೂರನೆಯ ಪ್ರಶ್ನೆ ಬಂತು. ಈ ವಾರ ಕಥೆಯನ್ನು ಯಾರಿಗೆ ಹೇಳುತ್ತೀರಿ? ಶಾರವ್ವ, "ಅಕ್ಕೋರಿಗೆ ಈಗ ಕಾಣತೈತಿ, ತಾವ ಓದ್ತಾರ. ನಾ ನಮ್ಮ ಓಣಿ ಸಿದ್ದವ್ವಗ ಹೇಳ್ತೇನ್ರಿ" ಎಂದಳು. ಸರಿಯಾದ ಮಾತು. ಕ್ರಮವೇ ಹಾಗಿದೆ, ಬೇಕಾದವರಿಗೆ ಹೇಳಬೇಕು. ಎಲ್ಲರೂ ತಲೆಯಾಡಿಸಿದರು.

ನನ್ನ ಸರದಿ ಬಂತು. ಬೆಳಿಗ್ಗೆ ಯೋಚಿಸಿಟ್ಟ ಉತ್ತರವೊಂದಿತ್ತು, ಚೆನ್ನಾಗಿಯೇ ಇತ್ತು. ಅದು ಬರಲಿಲ್ಲ.

"ಶಾರವ್ವ, ಸಿದ್ದವ್ವಗ ಮಂಗಳವಾರ ಹೇಳು. ಸೋಮವಾರ ಇಲ್ಲಿಗೆ ಬಾ. ಓದಾಕ ಬಂದ್ರೂ ಬಾ. ಈ ಮನ್ಯಾಗ ನಾ ಒಬ್ಬಾಕಿನ ಅದೇನಿ, ನನಗ ಭಾಳ ಬ್ಯಾಸರ ಆಗತೈತಿ."

ಒಂಬತ್ತು ಜನರ ಮುಂದೆ. ಬಾಯಿಂದ ಬಂದುಬಿಟ್ಟಿತು. ನೆಲ ನೋಡುತ್ತ ಕೂತೆ. ಯಾರಾದರೂ ಅದರ ಅರ್ಥ ಬಿಡಿಸಿ ಹೇಳುತ್ತಾರೇನೋ ಎಂದು ಹೆದರಿದ್ದೆ, ಯಾರೂ ಬಿಡಿಸಲಿಲ್ಲ. ಶಾರವ್ವ, "ಬರ್ತೇನ್ರಿ" ಎಂದಳು. ಎದ್ದು ಅಡುಗೆಮನೆಗೆ ಹೋದಳು. ನಾನು ತಡೆಯಲಿಲ್ಲ.

ಹೊಸ ಡಬ್ಬಿ, ಹೊಸ ಸಕ್ಕರೆ, ಹೊಸ ಜರಡಿ. ಎಲ್ಲರೂ ಕುಡಿದು ಹೋದ ಮೇಲೆ ಲೋಟಗಳನ್ನು ತೊಳೆಯುವ ಮೊದಲು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಒಂದರ ತಳದಲ್ಲೂ ಏನೂ ಉಳಿದಿರಲಿಲ್ಲ.